ಎಡಕ್ಕೆ ಬಿದ್ದ ಹೂವು

ಕಲ್ಲುಗುಡ್ಡದ ಸಿದ್ಧೇಶ್ವರಸ್ವಾಮಿಯ ಗುಡಿಯ ಹಿಂದೆ, ಹಿಂದೊಮ್ಮೆ ಸೌದೆ ಒಟ್ಟುತ್ತಿದ್ದ ಚಪ್ಪಡಿಕಲ್ಲಿನ ಕೊಟ್ಟಿಗೆಯೊಂದರಲ್ಲಿ ಪೂಜ್ಯ ನಿರ್ಮಾಲ್ಯದಮ್ಮನವರು ಇಪ್ಪತ್ತೇಳು ವರ್ಷ ವಾಸವಾಗಿದ್ದರು. ತಂದೆತಾಯಿ ಇಟ್ಟ ಹೆಸರೇನೋ ಯಾರಿಗೂ ತಿಳಿಯದು. ದಿನವೂ ಪೂಜೆಗೆ ಮುಂಚೆ ಸ್ವಾಮಿಯ ಪಾದದ ಬಳಿಯಿಂದ ಹಿಂದಿನ ದಿನದ ಹೂಪತ್ರೆಗಳನ್ನು ಮೊರಕ್ಕೆ ಬಾಚಿಕೊಂಡು, ಬಿಲ್ವದ ಬುಡಕ್ಕೆ ಹಾಕುವುದೊಂದೇ ಅವರ ಸೇವೆ. ಅದರಿಂದಲೇ ಆ ಹೆಸರು ಬಂತು. ಉಪದೇಶ ಮಾಡಿದವರಲ್ಲ. ಯಾರಾದರೂ ಕಷ್ಟ ಹೇಳಿಕೊಂಡರೆ ಪೂರ್ತಿ ಕೇಳುವರು. ಕೆಲವೊಮ್ಮೆ ಒಂದು ಮಾತು ಆಡುವರು, ಕೆಲವೊಮ್ಮೆ ಅದೂ ಇಲ್ಲ.

ಆ ಗುಡಿಯಲ್ಲಿ ಹೂ ಕೇಳುವ ಪದ್ಧತಿ ಉಂಟು. ಮಗಳಿಗೆ ಬಂದ ಸಂಬಂಧವಾಗಲಿ, ಹೊಸ ಮನೆಯ ಪಾಯವಾಗಲಿ, ಭಕ್ತರು ಸ್ವಾಮಿಯನ್ನು ಕೇಳದೆ ಮುಂದುವರಿಯರು. ಪೂಜಾರಿಗಳು ಮೂರ್ತಿಯ ಎರಡು ಭುಜಗಳಿಗೂ ಒಂದೊಂದು ಒದ್ದೆ ಕಣಗಿಲೆ ಹೂ ಅಂಟಿಸುವರು. ಬಲದ ಹೂ ಮೊದಲು ಬಿದ್ದರೆ ಅಪ್ಪಣೆಯಾಯಿತು ಎಂದು ಅರ್ಥ. ಎಡದ್ದು ಬಿದ್ದರೆ ಬೇಡ ಎಂದು.

ಪೂಜಾರಿ ರೇವಯ್ಯನವರ ಕಾಲದಲ್ಲಿ ಹೆಚ್ಚಾಗಿ ಬಲದ ಹೂವೇ ಬೀಳುತ್ತಿತ್ತು. ಹಾಲು ಮಾರುವ ಕೆಂಚಮ್ಮನಂತೂ ಗುಡಿಯ ಕಟ್ಟೆಯ ಮೇಲೆ ಕೂತು, "ನಮ್ಮ ಸ್ವಾಮಿ ಬಲು ಮೆತ್ತಗೆ ಕಣ್ರಪ್ಪ. ನನಗೆ ಒಂದು ದಿನಾನೂ ಬ್ಯಾಡ ಅಂದಿಲ್ಲ" ಎಂದು ಎಲ್ಲರನ್ನೂ ನಗಿಸುತ್ತಿದ್ದಳು. ಅದರ ಗುಟ್ಟು ರೇವಯ್ಯನವರೊಬ್ಬರಿಗೇ ಗೊತ್ತಿತ್ತು. ಹೂವನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದರೆ ಅದು ಬಹಳ ಹೊತ್ತು ನಿಲ್ಲುತ್ತದೆ. ಹಗುರವಾಗಿ ತಾಗಿಸಿದರೆ ಬೇಗ ಬೀಳುತ್ತದೆ. ಒಮ್ಮೆ ಯಾರದೋ ಬಾಡಿದ ಮುಖ ನೋಡಲಾರದೆ ಎಡದ ಹೂವನ್ನು ಗಟ್ಟಿಯಾಗಿ ಒತ್ತಿದ್ದರು. ಕನಿಕರದಿಂದ ಶುರುವಾದದ್ದು ಕ್ರಮೇಣ ಕೈಯ ಅಭ್ಯಾಸವಾಯಿತು. ಹೀಗೆ ಇಪ್ಪತ್ತೆರಡು ವರ್ಷ ನಡೆಯಿತು.

ಅಂಥವರ ಮನೆಗೇ ಹೂ ಕೇಳುವ ಹೊತ್ತು ಬಂತು.

ಅವರ ಒಂಬತ್ತು ವರ್ಷದ ಮಗಳು ಗಂಗಾಂಬಿಕೆಗೆ ಕತ್ತಿನಲ್ಲಿ ಗಂಟೊಂದು ಬೆಳೆದಿತ್ತು. ದೊಡ್ಡಾಸ್ಪತ್ರೆಯ ಡಾಕ್ಟರು ನೋಡಿ, "ಕೊಯ್ದು ತೆಗೆಯಬೇಕು. ಉಸಿರಿನ ಕೊಳವೆಗೇ ಅಂಟಿಕೊಂಡಿದೆ, ಕೈಮೀರಿದರೂ ಮೀರಬಹುದು. ಬಿಟ್ಟರೆ ಎಷ್ಟು ದಿನವೋ ಹೇಳಲಾರೆ. ಒಪ್ಪಿಗೆಯಿದ್ದರೆ ಸೋಮವಾರ ಕರೆದುಕೊಂಡು ಬನ್ನಿ, ಕಾಗದಕ್ಕೆ ನೀವೇ ರುಜು ಹಾಕಬೇಕು" ಎಂದಿದ್ದರು. ಹೆಂಡತಿ ಹೋಗೋಣವೆಂದು ಗಂಟುಮೂಟೆ ಕಟ್ಟಿ ಕೂತರು. ರೇವಯ್ಯನವರ ತಾಯಿ ಮಾತ್ರ, "ಹೆಣ್ಣುಮಗೀನ ಕತ್ತು ಕೊಯ್ಸೋಕೆ ಹೋಗ್ತೀಯೇನೋ?" ಎಂದು ಬಾಗಿಲಿಗೆ ಅಡ್ಡ ನಿಂತರು. "ಊರೋರಿಗೆಲ್ಲ ಹೂ ಕೇಳ್ತೀಯ, ಮನೆ ಮಗೀಗೆ ಕೇಳೋಕೆ ಏನ್ ಬಂದೈತೆ ನಿಂಗೆ?"

ಶುಕ್ರವಾರ ಕೇಳಿದರು. ಎಡದ್ದು ಬಿತ್ತು. ಇದು ಸ್ವಾಮಿಯ ಮಾತೋ, ಹೆದರಿದ ನನ್ನ ಕೈಯೋ? ಶನಿವಾರ ಮತ್ತೆ ಇಟ್ಟರು. ಬಲದ್ದು ಬಿತ್ತು. ಆದರೆ ಎಡದ ಹೂವನ್ನು ಹೆಬ್ಬೆರಳು ಒಂದಿಷ್ಟು ಹೆಚ್ಚು ಒತ್ತಿತ್ತೆಂದು ಅವರಿಗೆ ಅನುಮಾನ. ಭಾನುವಾರ ಕಣ್ಣು ಮುಚ್ಚಿಕೊಂಡು ಅಂಟಿಸಿದರು. ಎರಡೂ ಬೀಳಲಿಲ್ಲ. ದೀಪದ ಎಣ್ಣೆ ಎರಡು ಸಲ ತೀರಿತು. ಬಿಸಿಲು ಹೊಸಿಲು ದಾಟಿ ಹೊರಗೆ ಹೋಯಿತು. ಬೆವರು ಒರೆಸಿಕೊಳ್ಳುವುದನ್ನೂ ಮರೆತು ಅವರು ಆ ಎರಡು ಹೂಗಳನ್ನೇ ನೋಡುತ್ತ ನಿಂತಿದ್ದರು. ಊರಿಗೆಲ್ಲ ಅಪ್ಪಣೆ ಕೊಡಿಸಿದ ಕೈ ತನಗೇ ನಂಬಿಕೆಯಿಲ್ಲದ್ದಾಗಿತ್ತು. ಇಷ್ಟು ವರ್ಷ ಆ ಕಲ್ಲಿನಲ್ಲಿ ಮಾತಾಡುವವನು ಇದ್ದನೋ ಇಲ್ಲವೋ ಎಂಬ ಭಯವೂ ಆಗ ಮೊದಲ ಸಲ ಹುಟ್ಟಿತು.

ಕೊನೆಗೆ ಗರ್ಭಗುಡಿಯಿಂದ ಹೊರಬಿದ್ದು ಹಿಂದಕ್ಕೆ ಓಡಿದರು. ಅಮ್ಮನವರು ಬಿಲ್ವದ ಕೆಳಗೆ ಮೊರ ಇಟ್ಟುಕೊಂಡು ಕೂತಿದ್ದರು. ರೇವಯ್ಯನವರು ಅವರ ಮುಂದೆ ಕುಸಿದು, ಹೆಬ್ಬೆರಳಿನ ಕಥೆಯನ್ನೆಲ್ಲ ಹೇಳಿ ಅತ್ತರು.

"ತಾಯಿ, ನೀವೇ ಬಂದು ಇಡಿ. ನಿಮ್ಮ ಕೈಗೆ ಆಸೆಯಿಲ್ಲ. ನಾಳೆ ಬೆಳಗಿನ ಬಸ್ಸಿಗೆ ಹೋಗಲೋ ಬೇಡವೋ, ಒಂದು ಹೇಳಿಸಿ."

ಅಮ್ಮನವರು ಬೈಯಲಿಲ್ಲ. ಮೊರವನ್ನು ಅವರ ಕಡೆ ಸರಿಸಿದರು.

"ಮೊನ್ನೆಯವೂ ನೆನ್ನೆಯವೂ ಇದರಾಗೇ ಅವೆ. ಎಡಕ್ಕೆ ಬಿದ್ದಿದ್ದು ಯಾವುದು, ಬಲಕ್ಕೆ ಬಿದ್ದಿದ್ದು ಯಾವುದು, ಆರಿಸಿ ಕೊಡು ಮಗಾ."

ರೇವಯ್ಯನವರು ಮೊರವನ್ನು ಕೆದಕಿದರು. ಕಣಗಿಲೆಗಳೆಲ್ಲ ಒಂದೇ ಸಮ ಬಾಡಿದ್ದವು. "ಗೊತ್ತಾಗಲ್ಲ ತಾಯಿ."

"ನನಗೂ ಗೊತ್ತಾಗಲ್ಲ. ಎಲ್ಲಾನೂ ಅವನ ಪಾದದಾಗೇ ಬಿದ್ದಿದ್ವು. ಬಾಚ್ಕೊಂಡು ಬಂದೆ."

ಅಮ್ಮನವರು ಮತ್ತೆ ಹೇಳಿದರು: "ನೀನು ದಾರಿ ಕೇಳ್ತಿಲ್ಲ ಕಣಪ್ಪ. ಮಗೀಗೆ ಏನೂ ಆಗಲ್ಲ ಅಂತ ಅವನ ಕೈಲಿ ಬರೆಸ್ಕೊಳ್ಳಾಕೆ ನೋಡ್ತಿದೀಯ. ಅದನ್ನ ಬಿಡು. ಬಿಟ್ಟು, ಈಗ ಕೇಳು."

ರೇವಯ್ಯನವರು ಕಣ್ಣು ಮುಚ್ಚಿದರು. ಏನು ಕೇಳಬೇಕೋ ತಿಳಿಯಲಿಲ್ಲ. ಆಗ ಗುಡಿಯ ಹಿಂಬದಿಯ ಮೆಟ್ಟಿಲ ಕಡೆಯಿಂದ ಸಣ್ಣ ಸದ್ದೊಂದು ಕಿವಿಗೆ ಬಿತ್ತು. ಒಡೆದ ಪೀಪಿಯಿಂದ ಗಾಳಿ ಬಂದಂತೆ, ತಡೆದು ತಡೆದು. ಕಣ್ಣು ತೆರೆದರೆ ಗಂಗಾಂಬಿಕೆ. ಅಪ್ಪನನ್ನು ಊಟಕ್ಕೆ ಕರೆಯಲು ಬಂದ ಮಗು ಏಳು ಮೆಟ್ಟಿಲು ಹತ್ತಲಾರದೆ ನಾಲ್ಕನೆಯದರ ಮೇಲೆ ಕೂತು, ಕತ್ತು ಚಾಚಿ ಉಸಿರು ಎಳೆದುಕೊಳ್ಳುತ್ತಿದ್ದಳು. ಮೂರು ದಿನದಿಂದ ಹೂವನ್ನೇ ನೋಡುತ್ತಿದ್ದ ತಂದೆ ಆ ಉಸಿರಿನ ಸದ್ದನ್ನು ಕೇಳಿರಲೇ ಇಲ್ಲ.

"ಕೇಳಿಸ್ತಾ?" ಎಂದರು ಅಮ್ಮನವರು.

"ಕೇಳಿಸ್ತು ತಾಯಿ."

ಅಮ್ಮನವರು ಮೊರದಿಂದ ಒಂದು ಹಿಡಿ ಹೂ ತೆಗೆದು, ಎಡಬಲವೆನ್ನದೆ, ರೇವಯ್ಯನವರ ಹೆಗಲಮೇಲಿದ್ದ ವಸ್ತ್ರದ ಸೆರಗಿಗೆ ಗಂಟು ಹಾಕಿ ಕೊಟ್ಟರು.

ಸೋಮವಾರ ಆಸ್ಪತ್ರೆಯಲ್ಲಿ ಕಾಗದ ಮುಂದಿಟ್ಟಾಗ ರೇವಯ್ಯನವರು ರುಜು ಹಾಕಿದರು. ಭಯ ಹೋಗಿತ್ತೆಂದು ಹೇಳಿದರೆ ಅದು ಸುಳ್ಳಾದೀತು. ಬಾಗಿಲು ಮುಚ್ಚಿತು. ಒಂದು ತಾಸಾಯಿತು, ಎರಡಾಯಿತು, ಮೂರಾಯಿತು. ಹೆಂಡತಿ ಗೋಡೆಗೆ ಹಣೆ ಆನಿಸಿ ನಿಂತಿದ್ದರು. ರೇವಯ್ಯನವರು ಹೂವಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದು, ಹೀಗಾಗಲಿ ಹಾಗಾಗಲಿ ಎನ್ನದೆ, "ನಿನ್ನ ಪಾದ, ನಿನ್ನ ಪಾದ" ಎಂದಷ್ಟೇ ಅನ್ನುತ್ತಿದ್ದರು. ಬಾಗಿಲು ತೆರೆದು ಡಾಕ್ಟರು ಹೊರಗೆ ಬಂದರು. ಅವರು ಬಾಯಿ ತೆರೆಯುವ ಮೊದಲೇ ರೇವಯ್ಯನವರು ಎದ್ದು ಎರಡೂ ಕೈ ಜೋಡಿಸಿದರು.

ಗಂಗಾಂಬಿಕೆ ಇಪ್ಪತ್ತು ದಿನಕ್ಕೆ ಮನೆಗೆ ಬಂದಳು, ಏಳು ಮೆಟ್ಟಿಲನ್ನೂ ಹತ್ತಿದಳು. ಆದರೆ ತನಗೆ ಸ್ವಾಮಿ ಸಿಕ್ಕಿದ್ದು ಡಾಕ್ಟರು ಮಾತಾಡಿದ ಮೇಲಲ್ಲ, ಅದಕ್ಕೂ ಮುಂಚೆಯೇ ಎಂದು ರೇವಯ್ಯನವರು ಕೊನೆಯವರೆಗೂ ಹೇಳುತ್ತಿದ್ದರು. ಅಮ್ಮನವರು ಶಿವೈಕ್ಯರಾದ ವರ್ಷ ಅವರ ಗದ್ದುಗೆಯ ಮುಂದೆ ನಿಂತು, ಹೆಬ್ಬೆರಳಿನ ತಪ್ಪನ್ನೂ ಬಚ್ಚಿಡದೆ, ಊರೆಲ್ಲ ಕೇಳುವಂತೆ ಇದನ್ನು ಹೇಳಿದವರು ಅವರೇ.

ಮಗಳು ಮನೆಗೆ ಬಂದಾಗಿನಿಂದ ಅವರು ಎರಡೂ ಹೂಗಳನ್ನು ಒಂದೇ ಸಮ ತಾಗಿಸಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿ ದೂರ ನಿಲ್ಲುತ್ತಿದ್ದರು. ಒಂದು ದಿನ ಕೆಂಚಮ್ಮ ಎಮ್ಮೆ ಕೊಳ್ಳಲು ಹೂ ಕೇಳಿದಾಗ ಎಡದ್ದು ಬಿತ್ತು.

"ಇದೇನ್ ಅಯ್ನೋರೇ, ನಿಮ್ ಸ್ವಾಮಿ ಈಗೀಗ ಬ್ಯಾಡ ಅನ್ನಾದೂ ಕಲ್ತವ್ನೆ!" ಎಂದು ಅವಳು ಮುಖ ಊದಿಸಿದಳು.

ರೇವಯ್ಯನವರು ಆರತಿಯ ದೀಪವನ್ನು ಕೆಳಗೆ, ಸ್ವಾಮಿಯ ಪಾದದ ಬಳಿ ಹಿಡಿದರು.

"ಯಾವ ಕಡೆಗೆ ಬಿತ್ತು ಅಂತ ಆಮೇಲೆ ಕೇಳೀಯಂತೆ ಕೆಂಚವ್ವ. ಎಲ್ಲಿ ಬಿದ್ದೈತೆ, ಮೊದಲು ಅದನ್ನ ನೋಡು."