ಅರ್ಧಕ್ಕೇ ಮಾಯವಾದ ಸೆರಗು

ಬಾಗಲಕೋಟೆಯ ಸುಮಂಗಲಾ ಎಂಬ ಪ್ರೋಗ್ರಾಮರ್ ಇಳಕಲ್ಲಿನ ನೇಕಾರರ ಸಂಘವೊಂದಕ್ಕೆ ಸೀರೆಯ ವಿನ್ಯಾಸ ಬರೆಯುವ ಪ್ರೋಗ್ರಾಂ ಮಾಡಿಕೊಟ್ಟಿದ್ದಳು. ಅಬ್ಬಾ, ಅದೇನು ಚುರುಕು! ದಾರದ ಬಣ್ಣ ಆರಿಸಿದರೆ ಸಾಕು, ಪರದೆಯ ಮೇಲೆ ಸೆರಗು ಮೂಡುತ್ತಿತ್ತು. ತನ್ನ ಕೆಲಸದ ಮೇಲೆ ಅವಳಿಗೆ ಎಲ್ಲಿಲ್ಲದ ಭರವಸೆ.

ಒಂದು ಮಧ್ಯಾಹ್ನ ಸಂಘದ ವಿನ್ಯಾಸಗಾರ್ತಿ ಸಂಗವ್ವನ ಫೋನು ಬಂತು. "ಏನವ್ವಾ ತಂಗಿ, ಪರದೆ ಬೆಳ್ಳಗಾಗೇತಿ. ಉಳಿಸೋ ಬಟನ್ನೂ ಕಾಣವಲ್ದು. ಮುಂಜಾನಿಂದ ಬರೆದ ಮದುವಿ ಸೀರಿ ಸೆರಗು, ನೀರಾಗ ಹೋಮ ಮಾಡಿದಂಗಾತು! ಇನ್ನೊಮ್ಮೆ ಹಿಂಗಾದ್ರ ನಾ ಮತ್ತ ಗ್ರಾಫ್ ಹಾಳೀನ ಹಿಡಿಯಾಕಿ."

ಸುಮಂಗಲಾಳ ಕಂಪ್ಯೂಟರಿನಲ್ಲಿ ಒಮ್ಮೆಯೂ ಹೀಗಾಗಿರಲಿಲ್ಲ. ಹೇಗಾದೀತು ಹೇಳಿ? ಇವಳು ಪ್ರೋಗ್ರಾಂ ತೆರೆದು, ನಾಲ್ಕು ಗೆರೆ ಎಳೆದು ನೋಡಿ, ಮುಚ್ಚಿಬಿಡುತ್ತಿದ್ದಳು. ಸಂಗವ್ವ ಬೆಳಿಗ್ಗೆ ತೆರೆದರೆ ಮುಚ್ಚುವುದು ಸಂಜೆಗೇ.

"ಅಕ್ಕಾ, ತಲಿ ಯಾಕ ಕೆಡಿಸ್ಕೋತಿ?" ಎಂದ ಜೊತೆಗೆ ಕೆಲಸ ಮಾಡುವ ಮಲ್ಲೇಶ. "ತಾಸಿಗೊಮ್ಮೆ ಮುಚ್ಚಿ ತೆರೀರಿ ಅಂತ ಹೇಳಿಬಿಡು. ಎಲ್ಲಾ ಸರಿ ಹೋಗತೈತಿ."

ಹೇಳಿಬಿಡಲೇ ಎಂದು ಅವಳಿಗೂ ಒಂದು ಗಳಿಗೆ ಅನ್ನಿಸಿತು. ಆದರೆ ಮನಸ್ಸು ಒಪ್ಪಲಿಲ್ಲ. "ತಪ್ಪು ನಂದು, ಶಿಕ್ಷೆ ಆಕಿಗ್ಯಾಕೋ?" ಎಂದು ಕೋಡ್ ಬಿಚ್ಚಿ ಕೂತಳು.

ಪರದೆಯ ಮೇಲೆ ಗೆರೆ ಎಳೆಯುವಾಗೆಲ್ಲ ಅವಳ ಪ್ರೋಗ್ರಾಂ ಕಂಪ್ಯೂಟರಿನಿಂದ 'ಡ್ರಾಯಿಂಗ್ ಕಾಂಟೆಕ್ಸ್ಟ್' ಒಂದನ್ನು, ಅಂದರೆ ಪರದೆಯ ಮೇಲೆ ಬರೆಯುವ ಹಕ್ಕನ್ನು, ಎರವಲು ಪಡೆಯುತ್ತಿತ್ತು. ಬರೆದಾದ ಮೇಲೆ ವಾಪಸ್ ಕೊಡಬೇಕು. ಏಕೆಂದರೆ ಅವು ಇರುವುದೇ ಮಿತವಾಗಿ. ಕೊಡುತ್ತಲೂ ಇತ್ತು. ಆದರೆ ಕೇಳಿದ ದಾರದ ಬಣ್ಣ ಪ್ರೋಗ್ರಾಮಿನಲ್ಲಿ ಸಿಗದೆ ಹೋದಾಗ ಮಾತ್ರ ಕೆಲಸ ಅರ್ಧಕ್ಕೇ ಬಿಟ್ಟು ಹೊರಬೀಳುತ್ತಿತ್ತು. ತಂದ ಎರವಲು ಹಾಗೇ ಉಳಿಯುತ್ತಿತ್ತು. ಉಳಿದು ಉಳಿದು, ಮಧ್ಯಾಹ್ನದ ಹೊತ್ತಿಗೆ ಕಂಪ್ಯೂಟರಿನ ಬಳಿ ಕೊಡಲು ಒಂದೂ ಇಲ್ಲದೆ, ಸೆರಗು, ಬಟನ್ನು ಯಾವುದನ್ನೂ ಬರೆಯಲಾಗದೆ ಪರದೆ ಬೆಳ್ಳಗಾಗುತ್ತಿತ್ತು. ಪ್ರೋಗ್ರಾಂ ಮುಚ್ಚಿದರೆ ಕಂಪ್ಯೂಟರ್ ತಾನೇ ಎಲ್ಲವನ್ನೂ ಹಿಂದಕ್ಕೆ ಪಡೆಯುತ್ತಿತ್ತು. ಹಾಗಾಗಿಯೇ ಮುಚ್ಚಿ ಮುಚ್ಚಿ ನೋಡಿದವಳಿಗೆ ತಪ್ಪು ಕಂಡಿರಲಿಲ್ಲ.

"ಅಯ್ಯೋ ನನ್ನ ಜಾಣತನವೇ!" ಎಂದು ಹಣೆ ಚಚ್ಚಿಕೊಂಡಳು. ಬಣ್ಣ ಸಿಗಲಿ ಬಿಡಲಿ, ಎರವಲನ್ನು ವಾಪಸ್ ಕೊಟ್ಟೇ ಹೊರಬರುವಂತೆ ಪ್ರೋಗ್ರಾಂ ತಿದ್ದಿದಳು.

ಮರುದಿನ ಇಳಕಲ್ಲಿಗೆ ಹೋಗಿ ಸಂಗವ್ವನ ಪಕ್ಕದಲ್ಲೇ ಕೂತಳು. ಪ್ರೋಗ್ರಾಮಿನಲ್ಲಿ ಇಲ್ಲದ ಬಣ್ಣಗಳನ್ನು ಬೇಕೆಂದೇ ಅವಳಿಂದ ಕೇಳಿಸಿದಳು. ದೀಪ ಹಚ್ಚುವ ಹೊತ್ತಾದರೂ ಪ್ರೋಗ್ರಾಂ ಮುಚ್ಚಗೊಡಲಿಲ್ಲ. ಪರದೆ ಒಮ್ಮೆಯೂ ಬೆಳ್ಳಗಾಗಲಿಲ್ಲ! ಕಳೆದುಹೋದ ಸೆರಗನ್ನು ಸಂಗವ್ವ ಮತ್ತೆ ಬರೆದು ಉಳಿಸಿದಳು.

"ಈಗ ಧೈರ್ಯ ಬಂತವ್ವಾ," ಎಂದಳು. "ನಾಳಿಗೆ ಇನ್ನೊಂದು ಸೀರಿ ಶುರು ಮಾಡ್ತೀನಿ."

ನೀತಿ: ಹಿಡಿದ ಕೆಲಸ ಕೈಗೂಡಲಿ, ಕೆಡಲಿ, ಎರವಲು ತಂದದ್ದನ್ನು ವಾಪಸ್ ಕೊಟ್ಟೇ ಏಳಬೇಕು. ನಾವು ಮರೆತದ್ದಕ್ಕೆ ಇನ್ನೊಬ್ಬರು ಪಾಡು ಪಡಬಾರದು.