ಕಥೆಗೊಂದು ಹುಳು

ಸುಳ್ಳೆನಿಸಿದರೆ ಆ ಆಲದ ಮರವನ್ನೇ ಕೇಳಿ, ನಾನು ಅದರ ಕೆಳಗೇ ಕೂತಿದ್ದೆ. ಕಾಜಾಣ ಹಕ್ಕಿ ಕಥೆ ಹೇಳಿ ಸಂಸಾರ ಸಾಕುತ್ತಿತ್ತು. ಪಾರಿವಾಳಕ್ಕೆ ಪ್ರೇಮಕಥೆ, ಗೂಬೆಗೆ ದೆವ್ವದ ಕಥೆ, ಮರಕುಟಿಗನಿಗೆ ಪತ್ತೇದಾರಿ ಕಥೆ. ಯಾವುದಾದರೂ ಸರಿ, ಕಥೆಗೊಂದು ಹುಳು. ಗೂಡಿನಲ್ಲಿ ಅದರ ಮರಿಗಳು ಬಾಯಿ ತೆರೆದು ಕಾಯುತ್ತಿದ್ದವು.

ಪಕ್ಕದ ಕೊಂಬೆಯ ಕೋಗಿಲೆರಾಯ ಮೂಗು ಮುರಿದ. "ಏನಯ್ಯಾ, ಗಿರಾಕಿಗೊಂದು ದನಿಯೇ? ನನ್ನದು ಹುಟ್ಟಿದಾಗಿನಿಂದ ಒಂದೇ ರಾಗ. ಹುಳುವಿನಾಸೆಗೆ ಒಂದು ಸ್ವರವನ್ನೂ ಬದಲಿಸಿಲ್ಲ."

"ಮತ್ತೆ ಮಕ್ಕಳ ಊಟಕ್ಕೇನು ಮಾಡುತ್ತೀರಿ, ಸ್ವಾಮಿ?"

"ಅದನ್ನೆಲ್ಲ ನಾನು ತಲೆಗೆ ಹಚ್ಚಿಕೊಂಡವನೇ ಅಲ್ಲ."

ಅಷ್ಟರಲ್ಲಿ ಕಾಗಕ್ಕ ಏದುಸಿರು ಬಿಡುತ್ತಾ ಬಂದು ಕಾಜಾಣದ ಮುಂದೆ ಹುಳುವಿಟ್ಟಳು. "ಒಂದು ನಗೆಕಥೆ ಹೇಳಪ್ಪಾ, ಸುಸ್ತಾಗಿ ಹೋಗಿದೆ. ನನ್ನ ಕೊನೆಯ ಮರಿಗೆ ಎಷ್ಟು ತಂದರೂ ಸಾಲದು. ಅದರ ಕೂಗೂ ನಮ್ಮ ಮನೆತನದ್ದಲ್ಲ, ಯಾರನ್ನು ಹೋಲುತ್ತದೋ!"

ಕೋಗಿಲೆರಾಯ ಮೆಲ್ಲಗೆ ಎಲೆಯ ಮರೆಗೆ ಸರಿದ.

ಕಾಜಾಣ ಅವಳು ಬಿದ್ದು ಬಿದ್ದು ನಗುವಂಥ ಕಥೆ ಹೇಳಿ, ಹುಳುವನ್ನು ಹಿಂದಕ್ಕೆ ತಳ್ಳಿತು.

"ನನ್ನ ಮಕ್ಕಳಿಗಾದರೆ ಗೂಬೆಗೆ ಇನ್ನೊಂದು ದೆವ್ವ ತೋರಿಸಿದರಾಯಿತು. ಇದನ್ನು ಆ ಮರಿಗೇ ಕೊಡಕ್ಕಾ. ಪಾಪ, ಅದರ ಅಪ್ಪನಿಗೆ ಬರುವುದು ಒಂದೇ ರಾಗ."