ಅಣ್ಣನ ಹೊಲದ ತಂಬಾಕು

ವೇದಗಂಗೆಯ ದಂಡೆಯ ಮೇಲೆ ಒಂದು ಗುಡಿಸಲು. ಅದರಲ್ಲಿ ಕಾಡಪ್ಪಜ್ಜ ಎಂಬ ಮುದುಕ ಒಬ್ಬನೇ ಇದ್ದ. ಜನ ಅವನ ಬಳಿ ತಂಬಾಕಿನ ಎಲೆ ತರುತ್ತಿದ್ದರು. ಅಜ್ಜ ಅದನ್ನು ಸುತ್ತಿ ಚುಟ್ಟಾ ಮಾಡಿ, ಸೇದಿ, ಎಲೆಯ ಗುಣ ಹೇಳುತ್ತಿದ್ದ.

ಸುತ್ತಲಿನ ರೈತರು ತಮ್ಮ ತಮ್ಮ ಎಲೆಯನ್ನು ಕೂಡಿಸಿ ಒಂದೇ ರಾಶಿ ಹಾಕಿ ಮಾಗಿಸುತ್ತಿದ್ದರು. ಒಬ್ಬನ ಎಲೆ ಕೆಟ್ಟಿದ್ದರೂ ರಾಶಿಯೆಲ್ಲ ಕೆಡುತ್ತಿತ್ತು. ಅದಕ್ಕೇ ಅಜ್ಜ ಛಲೋ ಐತಿ ಅಂದ ಎಲೆ ಮಾತ್ರ ರಾಶಿಗೆ ಹೋಗುತ್ತಿತ್ತು. ಬ್ಯಾಡ ಅಂದರೆ ಯಾರೂ ಎದುರಾಡುತ್ತಿರಲಿಲ್ಲ.

ಎಲೆ ನೋಡುವುದಕ್ಕಲ್ಲದೆ, ಬರಿ ಚಟಕ್ಕೆಂದು ಅಜ್ಜ ಒಂದು ದಮ್ಮೂ ಎಳೆದವನಲ್ಲ.

ಅವನ ಬಳಿಗೆ ಲಗಮಣ್ಣ ಬಂದದ್ದು ತಂಬಾಕಿನ ಸಲುವಾಗಿ ಅಲ್ಲ. ದೂರದ ಸಕ್ಕರೆ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಅವನಿಗೆ ಅಪ್ಪ ಸತ್ತ ಸುದ್ದಿ ಮುಟ್ಟಿದ್ದು ಎಲ್ಲ ಮುಗಿದ ಮೇಲೆ. ಅಣ್ಣ ಬಾಳಪ್ಪ ಹೇಳಿ ಕಳಿಸಿರಲಿಲ್ಲ. ಅಣ್ಣತಮ್ಮಂದಿರ ನಡುವೆ ಮೊದಲೇ ಮಾತು ನಿಂತುಹೋಗಿತ್ತು. ಲಗಮಣ್ಣ ಊರಿಗೆ ಓಡಿ ಬಂದಾಗ ಅಪ್ಪನನ್ನು ಹೊಲದ ಬದುವಿನಲ್ಲಿ ಮಣ್ಣು ಮಾಡಿ ಆಗಿತ್ತು. ಅವನು ಮನೆಯ ಹೊಸ್ತಿಲು ತುಳಿಯಲಿಲ್ಲ. ಹೊಳೆ ದಾಟಿ, ಕಾಲು ಸೋತಲ್ಲಿ ಕುಳಿತ. ಅದು ಅಜ್ಜನ ಗುಡಿಸಲ ಮುಂದೆ.

ಅಜ್ಜ ರೊಟ್ಟಿ, ಪುಂಡಿಪಲ್ಲೆ ಕೊಟ್ಟ.

"ಉಪ್ಪು ಕಡಿಮಿ ಆತೇನು?"

"ಗೊತ್ತಾಗವಲ್ದರಿ ಅಜ್ಜಾರ. ಅಪ್ಪ ಹೋದಾಗಿಂದ ಬಾಯಿಗೆ ಯಾವ ರುಚೀನೂ ಹತ್ತವಲ್ದು."

"ಹಂಗಾರ ಇಲ್ಲೇ ಇರು," ಎಂದ ಅಜ್ಜ.

ಬೆಳಿಗ್ಗೆ ಒಂದು ಚುಟ್ಟಾ ಹಚ್ಚಿ ಅವನ ಕೈಗಿತ್ತ.

"ಹೊಗಿ ಬಾಯಾಗ ಇಟ್ಕೋ. ಎದಿಗೆ ಇಳಸಬ್ಯಾಡ. ನಾ ಹರೇದಾಗ ಇಳಿಸಿ ಈಗ ಕೆಮ್ಮಾಕತ್ತೀನಿ."

ಲಗಮಣ್ಣ ಎಳೆದ. ನಾಲಿಗೆ ಉರಿಯಿತು.

"ಏನ್ ಸಿಕ್ತು?"

"ಖಾರ."

"ಯಾವ ಖಾರ? ಮೆಣಸಿನಕಾಯಿದೋ, ಕರಿಮೆಣಸಿಂದೋ, ಶುಂಠಿದೋ?"

ಲಗಮಣ್ಣ ಇನ್ನೊಮ್ಮೆ ಎಳೆದ. ಬರಿ ಉರಿ.

ಅಜ್ಜ ಚುಟ್ಟಾ ಇಸಿದುಕೊಂಡು ನೆಲಕ್ಕೊತ್ತಿ ಆರಿಸಿದ. "ಊರಾಗ ಹೋಗು. ಮೂಸ್ಕೋತ ಅಡ್ಡಾಡಿ ಬಾ."

ಲಗಮಣ್ಣ ಅಡ್ಡಾಡಿದ. ಕಬ್ಬಿನ ಹಾಲು ಕುದಿಯುವ ಗಾಣದ ಮನೆಯಲ್ಲಿ ನಿಂತ. ಕಡಲೆ ಹುರಿಯುವವಳ ಬಾಣಲೆಗೆ ಮುಖ ಒಡ್ಡಿದ. ಬಡಗಿಯ ಮುಂದೆ ಬಿದ್ದ ಹಸಿ ಹೊಟ್ಟು, ದನದ ಕೊಟ್ಟಿಗೆಯಲ್ಲಿ ಒಟ್ಟಿದ ಜೋಳದ ದಂಟಿನ ಒಣ ಕಣಕಿ, ಚಪ್ಪಲಿ ಹೊಲಿಯುವವನ ಬಳಿ ನೆನೆಹಾಕಿದ ಚರ್ಮ, ಎಲ್ಲವನ್ನೂ ಮೂಸಿದ. ಜನ ಇವನಿಗೆ ಏನೋ ಆಗಿದೆ ಅಂದುಕೊಂಡರು.

ತಿರುಗಿ ಬಂದು ಸೇದಿದಾಗ ಹೊಗೆಯಲ್ಲಿ ಒಣ ಕಣಕಿ ಸಿಕ್ಕಿತು. ಇನ್ನೊಂದು ದಿನ ಹುರಿದ ಕಡಲೆ ಸಿಕ್ಕಿತು. ರೊಟ್ಟಿಯಲ್ಲಿ ಉಪ್ಪು ಕೂಡ, ಯಾವಾಗಲೋ, ತಾನಾಗಿ ಸಿಕ್ಕಿತು.

"ಅಜ್ಜಾರ, ಒಂದು ಚುಟ್ಟಾದಾಗ ಎಷ್ಟು ರುಚಿ ಇರ್ತಾವು?" ಎಂದು ಅವನು ಕೇಳಿದ.

"ಎಲ್ಲಿ ಮಟಾ ಸೇದಿದಿ?"

"ಅರ್ಧ."

"ಹಂಗಾರ ಇನ್ನರ್ಧ ಅದನ್ನ ಕೇಳು. ನನ್ನ ಯಾಕ ಕೇಳ್ತಿ?"

ಲಗಮಣ್ಣ ಉಳಿದರ್ಧ ಸೇದಿದ. ಬೆಂಕಿ ತುಟಿಯ ಸಮೀಪ ಬಂದಂತೆ ಎಲೆಯ ಮಾತೇ ಬದಲಾಯಿತು. ಮೊದಲಿನ ಹಿತ ಹೋಗಿ, ತಳ ಹತ್ತಿದ ಬೆಲ್ಲದ ಕಹಿ ಬಂತು.

ಬರಬರುತ್ತ ಅವನಿಗೆ ಸ್ವಲ್ಪ ಹಮ್ಮೂ ಬಂತು. ಒಮ್ಮೆ ಪೇಟೆಯ ದಲಾಲನೊಬ್ಬ ಬಂದು ಕುಳಿತಿದ್ದ. ಅವನ ಮುಂದೆ ಲಗಮಣ್ಣ ಹೊಗೆ ಬಿಟ್ಟು, "ಮೊದಲು ಜೇನು, ಹಿಂದ ಶ್ರೀಗಂಧ," ಅಂದ. ದಲಾಲ ತಲೆದೂಗಿ ಎದ್ದು ಹೋದ.

"ಶ್ರೀಗಂಧ ಎಲ್ಲಿ ಮೂಸಿದ್ದಿ?" ಎಂದ ಅಜ್ಜ.

"ಮೂಸಿಲ್ಲರಿ. ಪ್ಯಾಟ್ಯಾಗ ಮಂದಿ ಹಂಗ ಅಂತಾರ."

ಸಂಜೆ ಊಟದ ಹೊತ್ತಿಗೆ ಅಜ್ಜ ಅವನ ಮುಂದೆ ಒಂದು ತಂಬಿಗೆ ಇಟ್ಟ. "ಹಾಲು ಕುಡಿ."

"ತಂಬಗಿ ಖಾಲಿ ಐತಲ್ರಿ."

"ಪ್ಯಾಟ್ಯಾಗ ಮಂದಿ ಹಾಲು ಅಂತಾರ."

ಅಂದಿನಿಂದ ಲಗಮಣ್ಣ ಸಿಕ್ಕದ್ದನ್ನು ಮಾತ್ರ ಹೇಳಿದ. ಸಿಗದಾಗ ಸಿಗಲಿಲ್ಲ ಅಂದ.

ಸುಗ್ಗಿಗಳು ಕಳೆದವು. ಅಜ್ಜನ ಕೆಮ್ಮು ಹೆಚ್ಚಾಯಿತು. ಆ ವರ್ಷ ರೈತರು ಎಲೆ ತಂದಾಗ ಅಜ್ಜ ಗೋಡೆಗೊರಗಿ ಕುಳಿತು, "ಇನ್ನ ಇವನ ಮಾತೇ ನನ್ನ ಮಾತು," ಎಂದುಬಿಟ್ಟ.

ಲಗಮಣ್ಣ ಒಬ್ಬೊಬ್ಬರದೇ ಎಲೆ ನೋಡಿದ. ಜನ ಅಜ್ಜನ ಮಾತನ್ನು ಹೇಗೋ ಹಾಗೆಯೇ ಅವನ ಮಾತನ್ನೂ ಕೇಳಿ ಎದ್ದು ಹೋದರು. ರಾಶಿ ಹಾಕುವ ಹಿಂದಿನ ದಿನ, ಮಧ್ಯಾಹ್ನ, ಇಷ್ಟು ವರ್ಷ ಆಳಿನ ಕೈಯಲ್ಲಿ ಎಲೆ ಕಳಿಸುತ್ತಿದ್ದ ಬಾಳಪ್ಪ ತಾನೇ ಬಂದ.

ಅಣ್ಣನ ತಲೆ ಹಣ್ಣಾಗಿತ್ತು. ಕಂಕುಳಲ್ಲಿ ಎಲೆಯ ಸಣ್ಣ ಕಟ್ಟು. ತಮ್ಮನನ್ನು ಅಲ್ಲಿ ಕಂಡು ಒಂದು ಗಳಿಗೆ ನಿಂತ. ಆಮೇಲೆ ಕಟ್ಟನ್ನು ಅಜ್ಜನ ಮುಂದೆ ಇಟ್ಟ. ಅಜ್ಜ ಅದನ್ನು ಲಗಮಣ್ಣನ ಕಡೆ ಸರಿಸಿದ.

ಬಾಳಪ್ಪನ ಮುಖ ಇಳಿಯಿತು. ಆದರೂ ಕುಳಿತ.

ಲಗಮಣ್ಣ ಚುಟ್ಟಾ ಸುತ್ತಿದ. ಹಚ್ಚಿದ.

ಮೊದಲ ದಮ್ಮಿಗೆ ಒಣ ಕಣಕಿಯ ಹಿತ. ಎರಡನೆಯದಕ್ಕೆ, ಆ ಹಿತದ ಬೆನ್ನ ಹಿಂದೆ, ತೊಯ್ದ ಗೋಣಿಚೀಲದ ವಾಸನೆ. ಬೂಷ್ಟು. ಎಲೆ ಎಲ್ಲೋ ನೀರು ಕುಡಿದಿದೆ.

ಅದು ತಿಳಿದ ಕೂಡಲೇ ಅವನ ಎದೆಯಲ್ಲಿ ಒಂದು ಖುಷಿ ಎದ್ದಿತು. ಆ ಖುಷಿಯನ್ನು ಕಂಡು ಅವನು ಬೆದರಿದ. ಇದು ಎಲೆಯ ವಾಸನೆಯೋ, ನನ್ನ ಹೊಟ್ಟೆಯೊಳಗಿನ ಕಿಚ್ಚಿನ ವಾಸನೆಯೋ? ಇನ್ನೊಂದು ದಮ್ಮು ಎಳೆದ. ಬೂಷ್ಟು ಅಲ್ಲೇ ಇತ್ತು. ಖುಷಿಯೂ ಅಲ್ಲೇ ಇತ್ತು.

"ಛಲೋ ಐತಿ," ಎಂದ.

ಬಾಳಪ್ಪ ತಲೆ ಎತ್ತಿ ತಮ್ಮನನ್ನು ನೋಡಿದ. ಆಮೇಲೆ ಎದ್ದು ಹೋದ.

ಅಜ್ಜ ಉಳಿದ ಚುಟ್ಟಾ ತೆಗೆದುಕೊಂಡು ತಾನೊಂದು ದಮ್ಮು ಎಳೆದ. ಕೆಮ್ಮಿದ. ಕೆಮ್ಮು ನಿಂತ ಮೇಲೆ ಕೇಳಿದ.

"ನಿನಗ ಬೂಷ್ಟು ಸಿಗಲಿಲ್ಲೇನು?"

"ಸಿಕ್ತರಿ."

"ಮತ್ತ?"

"ಅಣ್ಣನ ಎಲಿ ಕೆಟ್ಟೈತಿ ಅಂತ ತಿಳಿದು ನನಗ ಖುಷಿ ಆತು ಅಜ್ಜಾರ. ಆ ಖುಷಿಗೆ ಅಂಜಿದೆ. ದ್ವೇಷದಿಂದ ಹೇಳಿದಂಗ ಆಗ್ತೈತಿ ಅಂತ..."

"ಅಂಜಿ ಸುಳ್ಳು ಹೇಳಿದಿ."

ಲಗಮಣ್ಣ ತಲೆ ತಗ್ಗಿಸಿದ. "ನನ್ನ ದ್ವೇಷಾನ ನಾ ಗೆಲ್ಲಬೇಕು ಅಂತ ಮಾಡಿದೆರಿ."

"ಎಲೀಗೆ ನಿನ್ನ ದ್ವೇಷ ಗೊತ್ತಿಲ್ಲ. ನೀ ಗೆದ್ದದ್ದೂ ಗೊತ್ತಿಲ್ಲ. ಅದಕ್ಕ ಬೂಷ್ಟು ಹಿಡಿದೈತಿ, ಅಷ್ಟ."

"ಈಗೇನು ಮಾಡ್ಲಿ?"

ಅಜ್ಜ ಹೊಳೆಯ ಆಚೆ ಕೈ ತೋರಿಸಿದ.

ಲಗಮಣ್ಣ ಹೊಳೆ ದಾಟಿದ. ಬಾಳಪ್ಪ ಅಂಗಳದಲ್ಲಿ ಎಲೆಯ ಕಟ್ಟುಗಳನ್ನು ಬಂಡಿಗೆ ಹೇರುತ್ತಿದ್ದ.

"ಅಣ್ಣಾ, ಎಲಿಗೆ ಬೂಷ್ಟು ಹಿಡಿದೈತಿ. ರಾಶಿಗೆ ಒಯ್ಯಬ್ಯಾಡ."

"ಆಗ ಛಲೋ ಅಂದಿ."

"ಸುಳ್ಳು ಹೇಳಿದೆ."

ಬಾಳಪ್ಪ ಕೈಯಲ್ಲಿದ್ದ ಕಟ್ಟು ಕೆಳಗಿಟ್ಟ. "ಆಗ ಹೇಳಿದ್ದು ಸುಳ್ಳೋ, ಈಗ ಹೇಳೂದು ಸುಳ್ಳೋ? ಅಪ್ಪ ಸತ್ತಾಗ ಹೇಳಿ ಕಳಸಲಿಲ್ಲ ಅಂತ ಸಿಟ್ಟು ತೀರಿಸ್ಕೊಳ್ಳಾಕ ಬಂದೀಯೇನು?"

ಲಗಮಣ್ಣ ತನ್ನ ಮಾತಿನ ಬೆಲೆಯನ್ನು ತಾನೇ ಕಳೆದುಕೊಂಡು ಬಂದಿದ್ದ. ಅವನು ಬಂಡಿ ಹತ್ತಿ, ಮೇಲಿನ ಕಟ್ಟೊಂದನ್ನು ಬಿಚ್ಚಿ ಎಲೆ ಎಲೆಯಾಗಿ ಬಿಡಿಸತೊಡಗಿದ. ಚೆನ್ನಾಗಿತ್ತು. ಇನ್ನೊಂದು ಬಿಚ್ಚಿದ. ಅದೂ ಚೆನ್ನಾಗಿತ್ತು. ಬಾಳಪ್ಪ ಕೈಕಟ್ಟಿ ನೋಡುತ್ತ ನಿಂತಿದ್ದ. ಬಂಡಿಯ ತಳದ ಕಟ್ಟಿನ ಹೊಟ್ಟೆಯಲ್ಲಿ, ಎಲೆಯ ನರದ ಗುಂಟ, ಬೂದು ಬಣ್ಣದ ನವಿರು ಕಂಡಿತು.

ಬಾಳಪ್ಪ ಅದನ್ನು ಬೆರಳಿಂದ ಮುಟ್ಟಿ ನೋಡಿದ. "ಹಿತ್ತಲ ಕಡೆ ಚಾವಣಿ ಸೋರ್ತೈತಿ," ಅಂದ, ತನಗೆ ತಾನೇ ಅನ್ನುವಂತೆ.

ಅಣ್ಣ ತಮ್ಮ ಎದುರು ಬದುರು ಕುಳಿತು ಎಲೆ ಆರಿಸಿದರು. ಒಳ್ಳೆಯದು ಒಂದು ಕಡೆ, ಕೆಟ್ಟದ್ದು ಒಂದು ಕಡೆ. ಹೊತ್ತು ಇಳಿಯಿತು.

ಕಡೆಗೆ ಲಗಮಣ್ಣನೇ ಕೇಳಿದ. "ಅಪ್ಪ ಹೋಗೂ ಮುಂದ ನನ್ನ ಕೇಳಿದ್ನೇನು?"

ಬಾಳಪ್ಪ ಕೈಯಲ್ಲಿದ್ದ ಎಲೆಯನ್ನು ಒಳ್ಳೆಯದರ ಕಡೆ ಇಟ್ಟ.

"ಕೇಳಿದ್ದ," ಎಂದ.

ಬೆಳಿಗ್ಗೆ ರೈತರೆಲ್ಲ ರಾಶಿ ಹಾಕಲು ಅಜ್ಜನ ಗುಡಿಸಲ ಮುಂದೆ ಸೇರಿದ್ದರು. ಬಾಳಪ್ಪನ ಬಂಡಿ ಅರ್ಧ ಖಾಲಿಯಾಗಿ ಬಂತು. ಲಗಮಣ್ಣ ಅದರ ಹಿಂದೆ ನಡೆದು ಬಂದ.

"ನಿನ್ನಿ ನಾ ಸುಳ್ಳು ಹೇಳಿದ್ದೆ," ಎಂದು ಎಲ್ಲರ ಮುಂದೆ ಹೇಳಿದ. "ಅಣ್ಣನ ಎಲಿ ಕೆಟ್ಟಿತ್ತು. ಛಲೋ ಅಂದಿದ್ದೆ. ಕೆಟ್ಟದ್ದು ತಗದೇವಿ. ಉಳಿದದ್ದನ್ನ ಅಜ್ಜಾರು ನೋಡ್ಲಿ."

ಹಿರಿಯ ರೈತನೊಬ್ಬ ಎದ್ದು ನಿಂತ. "ನಿನ್ನಿ ಸುಳ್ಳು ಹೇಳಿದವನು ಇವತ್ತು ನಮ್ಮ ರಾಶಿ ಮುಂದ ನಿಂತಾನ. ಅಜ್ಜಾರ, ಇವನ ಮಾತು ನಾವು ಹೆಂಗ ನಂಬೂದು?"

ಅಜ್ಜ ಬಾಳಪ್ಪನ ಬಂಡಿಯಿಂದ ಒಂದು ಎಲೆ ತರಿಸಿ, ಸಾವಕಾಶ ಚುಟ್ಟಾ ಸುತ್ತಿದ. ಹಚ್ಚಿದ. ಲಗಮಣ್ಣನ ಮುಂದೆ ಹಿಡಿದ.

"ನಾ ಒಲ್ಲೆರಿ. ನನಗ ಆಗೂದಿಲ್ಲ."

ಅಜ್ಜನ ಕೈ ಹಾಗೆಯೇ ಇತ್ತು. ಆ ಕೈ ಸೋಲುವುದನ್ನು ನೋಡಲಾರದೆ ಲಗಮಣ್ಣ ಚುಟ್ಟಾ ತೆಗೆದುಕೊಂಡ.

ಒಂದು ದಮ್ಮು ಎಳೆದ. ಅದು ಅಪ್ಪನ ಹೊಲದ ಎಲೆ. ಆ ಮಣ್ಣಿನಲ್ಲಿ ಅವನು ಸಣ್ಣವನಿದ್ದಾಗ ಅಪ್ಪನ ಹಿಂದೆ ಹಿಂದೆ ತಿರುಗಿದ್ದ. ಈಗ ಅಪ್ಪ ಅಲ್ಲೇ ಮಲಗಿದ್ದ. ಹೆಸರು ಹಿಡಿದು ಕೇಳಿದ್ದ, ಇವನು ಬಂದಿರಲಿಲ್ಲ. ಇಷ್ಟು ವರ್ಷ ಬಾರದ ಅಳು ಅಷ್ಟು ಜನರ ಮುಂದೆ ಒತ್ತರಿಸಿ ಬಂತು. ಬಾಳಪ್ಪ ಆ ಕಡೆ ಮುಖ ಮಾಡಿ ನಿಂತ.

"ನನಗ ಅಳು ಬರಾಕತ್ತೈತಿ ಅಜ್ಜಾರ," ಎಂದ ಲಗಮಣ್ಣ. "ಹಿಂಗಿರೂವಾಗ ನಾ ರುಚಿ ಹೆಂಗ ನೋಡ್ಲಿ?"

ಅಜ್ಜ ಅವನ ಪಕ್ಕಕ್ಕೆ ಸರಿದು ಕುಳಿತ.

"ಅಳು ತಮ್ಮಾ. ಯಾರು ಬ್ಯಾಡ ಅಂತಾರ? ಅಳ್ಕೋತ ಹೇಳು, ಎಲಿ ಹೆಂಗೈತಿ?"